ಲೆನ್ಸಿಗೆ ನೆಟ್ಟ ನೋಟ

ನಡುರಾತ್ರಿ ಕಂಪ್ಯೂಟರ್ ಮೆಲ್ಲಗೆ ಟಿಣ್ ಎಂದಿತು. ತೀರಿಕೊಂಡವರು ಪರೀಕ್ಷೆಗೆ ಬರುವ ಹೊತ್ತು ಅದು. ವಿಡಿಯೊ ಮಾಡುವುದನ್ನು ಕಲಿತು ಪಾಸಾದವರು ಮಾತ್ರ ಮನೆಯವರಿಗೊಂದು ವಿಡಿಯೊ ಕಳಿಸಬಹುದು. ಕಳಿಸಿದ ಮೇಲೆ ಮತ್ತೆಂದೂ ಬರುವುದಿಲ್ಲ. ಮನೆಯಲ್ಲೇ ಕೂತು ಅವರಿಗೆ ಅಂಕ ಕೊಡುವುದು ಸುಗಲಾಳ ಕೆಲಸ.

ಇಂದು ತೆರೆಗೆ ಬಂದವಳು ಅವಳ ತಂಗಿ ಮಹಾನಂದಾ. ಲೆನ್ಸನ್ನು ಬಿಟ್ಟು, ತೆರೆಯಲ್ಲಿ ಕಾಣುವ ತಮ್ಮ ಮುಖವನ್ನೇ ಆಸೆಯಿಂದ ನೋಡುತ್ತ ಕೂರುವುದು ಸತ್ತವರೆಲ್ಲ ಮಾಡುವ ತಪ್ಪು. ಹೋದ ಸಲ ಅವಳೂ ಅದಕ್ಕೇ ಫೇಲಾಗಿದ್ದಳು. ಇಂದು ದೃಷ್ಟಿ ಕದಲಲಿಲ್ಲ.

"ಶಾಂಭವಿ, ಅವ್ವ ಆರಾಮಿದ್ದಾಳ. ನನ್ನ ದಾರಿ ಕಾಯಬ್ಯಾಡ, ಮಲ್ಕೊ ಕೂಸ," ಎಂದು ಮಗಳಿಗೆ ಹೇಳಿ ಮುಗಿಸಿದಳು. ಆಮೇಲೆ ನಕ್ಕಳು. "ಈ ಸಲ ಕೊಂಕು ತಗೀ ನೋಡೂಣು, ಅಕ್ಕಾ."

ಕೊಂಕೇನೂ ಇರಲಿಲ್ಲ. ಆದರೆ ಪಾಸು ಮಾಡಿದರೆ ಈ ನಗು ಇನ್ನು ಕಾಣುವುದಿಲ್ಲವೆಂದು ಸುಗಲಾ ಫೇಲ್ ಎಂದೇ ಒತ್ತಿದಳು.

"ಕಣ್ಣು ಇನ್ನೂ ಸರಿತಾವ ನೋಡು. ಮುಂದಿನ ತಿಂಗಳ ಬಾ."

"ಹೌದೇನು? ನನಗ ಗೊತ್ತಾಗಲೇ ಇಲ್ಲ," ಎಂದು ಸಪ್ಪಗಾಗಿ ಮಹಾನಂದಾ ಮರೆಯಾದಳು.

ಒಳಕೋಣೆಯಿಂದ ಶಾಂಭವಿ ಕೇಳಿದಳು: "ದೊಡ್ಡವ್ವ, ಅವ್ವ ಪಾಸಾದ್ಲಾ?"

"ಇಲ್ಲವ್ವ. ಇನ್ನೂ ಕಲೀಬೇಕಂತ."

ಮಗು ಎದ್ದು ಕೂತು ಮತ್ತೆ ಬಾಗಿಲಿನತ್ತ ಮುಖ ಮಾಡಿದ್ದು ಸುಗಲಾಳಿಗೆ ಕಂಡಿತು. ತಂಗಿಯ ನೋಟ ನೆಟ್ಟಗೇ ಇತ್ತೆಂಬುದನ್ನು ಯಾರಿಗೂ ಹೇಳಬಾರದೆಂದು ನಿಶ್ಚಯಿಸಿ ಅವಳು ದೀಪ ಆರಿಸಿದಳು.