ಒಂದೇ ತಂತಿಯ ಮನೆಗಳು

“ಕಾರಲ್ಲಿದ್ದವನು ನಿಮ್ಮ ತಮ್ಮ ಅಂತ ಬಲ್ಲವರು ಈ ಊರಲ್ಲಿ ಒಬ್ಬರಾದ್ರೂ ಇದ್ದಾರಾ, ಟೀಚರಮ್ಮ?”

ಕೇಳಿದವನು ಶಾಲಾ ಸಮಿತಿಯ ಅಧ್ಯಕ್ಷ ಏಮಸ್ ಪ್ರೂಯಿಟ್. ನೆಬ್ರಾಸ್ಕಾದ ಆ ಜೋಳದ ಸೀಮೆಯ ಒಂದೇ ಕೋಣೆಯ ಶಾಲೆಯಲ್ಲಿ ಊರಿಗೆ ಊರೇ ಮಕ್ಕಳ ಬೆಂಚುಗಳ ಮೇಲೆ ಇಕ್ಕಟ್ಟಾಗಿ ಕೂತಿತ್ತು. ವರ್ನಾ ಟೀಚರ್ ಒಬ್ಬಳೇ ನಿಂತಿದ್ದಳು. ಪಟ್ಟಣದ ಹುಡುಗಿಯರಂತೆ ಕೂದಲು ಕತ್ತರಿಸಿಕೊಂಡು ಬಂದ ದಿನದಿಂದಲೇ ಅವಳ ಮೇಲೆ ಊರಿನ ಕಣ್ಣು. ಈಗ ಶನಿವಾರ ಯಾರೋ ಯುವಕನ ಕಾರು ಹತ್ತಿ ಹೋದವಳು ಭಾನುವಾರ ಸಂಜೆ ಬಂದಿದ್ದಳು. ಅವನ ಹೆಗಲಿಗೆ ತಲೆಯಿಟ್ಟಿದ್ದನ್ನು ಕಂಡವರಿದ್ದರು. ಅಪ್ಪ, ಅಣ್ಣತಮ್ಮಂದಿರನ್ನು ಬಿಟ್ಟು ಬೇರೆ ಗಂಡಸಿನ ಜೊತೆ ಕಾರು ಹತ್ತಿದರೆ ಟೀಚರ್ ಕೆಲಸ ಹೋದಂತೆಯೇ.

“ಅಮ್ಮನಿಗೆ ಕಾಯಿಲೆ ಜಾಸ್ತಿಯಾಗಿತ್ತು. ತಮ್ಮ ಬಂದು ಕರ್ಕೊಂಡು ಹೋದ,” ಎಂದಳು ವರ್ನಾ. “ಬಲ್ಲವರು ಇದ್ದಾರೆ. ಅವರೇ ಹೇಳಲಿ.”

“ಬೇಕಾದಾಗೆಲ್ಲ ತಮ್ಮಂದಿರು ಹುಟ್ಕೋತಾರೆ ಬಿಡಿ,” ಎಂದಿತು ಹಿಂದಿನಿಂದ ಒಂದು ದನಿ. ಕೆಲವರು ನಕ್ಕರು. ಅವಳು ಬಿಡಾರವಿದ್ದ ಮನೆಯ ಅಜ್ಜಿಗೆ ಕಿವಿ ಕೇಳದು. ಆ ಅಜ್ಜಿಯ ಸಾಕ್ಷಿಯಂತೂ ಸಿಗುವಂತಿರಲಿಲ್ಲ.

ನಡುವಿನ ಬೆಂಚಿನಲ್ಲಿ ಹುಲ್ಡಾ ಲಿಂಡ್‌ಕ್ವಿಸ್ಟ್ ನೆಲ ನೋಡುತ್ತ ಕೂತಿದ್ದಳು. ಅವಳಿಗೆ ನಿಜ ಗೊತ್ತಿತ್ತು. ಊರಿನ ಮನೆಗಳಿಗೆಲ್ಲ ಒಂದೇ ಟೆಲಿಫೋನ್ ತಂತಿ. ಗಂಟೆ ಎಲ್ಲ ಮನೆಗಳಲ್ಲೂ ಹೊಡೆಯುತ್ತಿತ್ತು, ಹೊಡೆಯುವ ರೀತಿಯಿಂದಲೇ ಕರೆ ಯಾರಿಗೆಂದು ತಿಳಿಯುತ್ತಿತ್ತು; ಯಾರು ಎತ್ತಿದರೂ ಮಾತು ಕೇಳಿಸುತ್ತಿತ್ತು. ಶುಕ್ರವಾರ ಟೀಚರ್ ಬಿಡಾರದ ಗಂಟೆ ಹೊಡೆದಾಗ ಹುಲ್ಡಾ ಹಿಟ್ಟಿನ ಕೈಯನ್ನೂ ಒರೆಸದೆ ಮೆಲ್ಲಗೆ ರಿಸೀವರ್ ಎತ್ತಿ ಕಿವಿಗಿಟ್ಟಿದ್ದಳು. “ಅಕ್ಕಾ, ಅಮ್ಮ ನಿನ್ನನ್ನೇ ಕೇಳ್ತಿದಾಳೆ. ನಾಳೆ ಕಾರು ತರ್ತೀನಿ.” ಗಾಳಿಗೆ ತಂತಿ ಅಲುಗುವ ದಿನವೂ ಅಲ್ಲ, ಆದರೂ ದನಿ ಬಾವಿಯ ತಳದಿಂದ ಬಂದಂತೆ ಸಣ್ಣಗಿತ್ತು. ಉಸಿರು ಹಿಡಿದು ಕೇಳಿದ್ದಳು.

ಎದ್ದು ಹೇಳಿದರೆ ಮುಗಿಯಿತು. ಆದರೆ ‘ನಿನಗೆ ಹೇಗೆ ಗೊತ್ತು’ ಎಂದರೆ? ಬೇರೆಯವರ ಮಾತು ಕದ್ದು ಕೇಳುವುದು ಮಾನವಂತರ ಕೆಲಸವೇ ಎಂದು ಚರ್ಚಿನ ಹೆಂಗಸರ ಮುಂದೆ ಭಾಷಣ ಬಿಗಿದವಳೂ ಅವಳೇ. ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದ್ದರು. ಇಷ್ಟು ಜನ ಮರ್ಯಾದಸ್ಥರ ನಡುವೆ ತಾನೊಬ್ಬಳೇ ಕಳ್ಳಿಯಾಗುವುದೇ? ಹುಲ್ಡಾ ಏಳಲಿಲ್ಲ. ಕೆಲಸದಿಂದ ತೆಗೆಯಬೇಕೆನ್ನುವವರು ಕೈ ಎತ್ತಿ ಎಂದು ಪ್ರೂಯಿಟ್ ಹೇಳಿದಾಗ ಎಲ್ಲರ ಕೈಯೊಂದಿಗೆ ಅವಳ ಕೈಯೂ ಮೇಲೆ ಹೋಯಿತು.

ವರ್ನಾ ಎಲ್ಲರ ಮುಖವನ್ನೂ ಒಮ್ಮೆ ನೋಡಿ ಹೊರಟುಹೋದಳು.

ಮಾರನೆಯ ಬೆಳಿಗ್ಗೆ ಬಿಡಾರದ ಗಂಟೆ ಮತ್ತೆ ಹೊಡೆಯಿತು. ನಾಚಿಕೆಯಿಂದ ಹುಲ್ಡಾಗೆ ಅನ್ನನೀರು ಸೇರಿರಲಿಲ್ಲ. ಕರೆ ಮುಗಿದೊಡನೆ ಟೀಚರ್ ಬಳಿ ಕ್ಷಮೆ ಕೇಳಿಬಿಡಬೇಕು ಎಂದುಕೊಂಡೇ ಎತ್ತಿದಳು. ಹಾಗೆಂದು ತನಗೆ ತಾನೇ ಹೇಳಿಕೊಂಡಳು.

“ಅಕ್ಕಾ, ಅಮ್ಮ...” ಮುಂದಿನದು ಕೇಳಿಸಲಿಲ್ಲ.

“ಜೋರಾಗಿ ಹೇಳೋ. ಅಮ್ಮ ಏನು?”

ತಮ್ಮನ ದನಿ ಇನ್ನೂ ಕುಗ್ಗಿತು. ವರ್ನಾ ಮಕ್ಕಳಿಗೆ ಪಾಠ ಹೇಳುವ ದನಿಯಲ್ಲೇ ಅಂದಳು: “ಎಲ್ಲರೂ ಒಟ್ಟಿಗೆ ಎತ್ಕೊಂಡ್ರೆ ತಂತಿಯಲ್ಲಿ ದನಿ ಸೊರಗುತ್ತೆ. ಶುಕ್ರವಾರಾನೂ ಹೀಗೇ ಆಗಿತ್ತು. ಇವತ್ತೊಂದು ಸಲ ಇಟ್ಟುಬಿಡಿ. ನಮ್ಮಮ್ಮ ಇದಾಳೋ ಇಲ್ವೋ ಅಂತ ನನಗೆ ಕೇಳಿಸ್ಬೇಕು.”

ಟಕ್. ತುಸು ತಡೆದು ಇನ್ನೊಂದು ಟಕ್. ಪ್ರೂಯಿಟ್ ಮನೆಯ ಗೋಡೆ ಗಡಿಯಾರ ಹೊಡೆಯುವುದು ಕೇಳಿಸುತ್ತಿದ್ದಂತೆಯೇ ಅದೂ ಕಡಿದುಹೋಯಿತು. ಮತ್ತೆ ಟಕ್, ಟಕ್. ಒಂದೊಂದು ಮನೆ ಇಟ್ಟಂತೆಲ್ಲ ತಮ್ಮನ ಅಳು ಸ್ಪಷ್ಟವಾಗುತ್ತ ಬಂತು.

ಹಿಂದಿನ ದಿನ ಕೈ ಎತ್ತಿದ್ದ ಮನೆಗಳಲ್ಲಿ ಫೋನ್ ಎತ್ತದೆ ಉಳಿದದ್ದು ಒಂದೂ ಇರಲಿಲ್ಲ. ಕೊನೆಯದಾಗಿ ಇಟ್ಟವಳು ಹುಲ್ಡಾ.