ಹನ್ನೊಂದು ತೋಟಾಗಳು

"ಬಿಚ್ಚದೆ ಒಂದನ್ನೂ ಒಯ್ಯೋ ಹಾಗಿಲ್ಲ," ಎಂದರು ಹಳೇ ಕೋವಿ ಒಯ್ಯಲು ಬಂದಿದ್ದ ಮ್ಯೂಸಿಯಂ ಮೇಡಂ. "ಪ್ರತಿ ತೋಟಾ ಖಾಲಿ ಮಾಡಿ, ಒಳಗೆ ಏನಿತ್ತು ಅಂತ ಬರ್ಕೋಬೇಕು."

ಕೋವಿ ರಿಪೇರಿಯವನು ಮೇಜಿನತ್ತ ನೋಡಿದ. ಮೇಜಿನ ಮೇಲೆ ಮಾವನ ಎಂಟು ಬೋರಿನ ಕೋವಿ ಮಲಗಿತ್ತು. ಹೆಬ್ಬೆರಳು ಸಲೀಸಾಗಿ ಇಳಿಯುವಷ್ಟು ಅಗಲದ ನಳಿಗೆ; ಅದರ ಬುಡ ಸೀಳಿಹೋಗಿತ್ತು. ಪಕ್ಕದಲ್ಲಿ ಹಿತ್ತಾಳೆಯ ಹನ್ನೊಂದು ತೋಟಾ. ಒಂಬತ್ತು ವರ್ಷದ ಹಿಂದೆ ಮಾವನ ಎಡಗೈಯ ಮೂರು ಬೆರಳನ್ನು ತಿಂದುಹಾಕಿದ್ದು ಹನ್ನೆರಡನೆಯದು.

ಆ ಹನ್ನೆರಡನ್ನೂ ತುಂಬಿದವನು ಇವನೇ. ಅಂಥ ಹಳೇ ಕೋವಿಗೆ ಕಪ್ಪು ಮದ್ದೇ ಆಗಬೇಕು. ಹೊಸ ಮದ್ದಿನ ಜೋರನ್ನು ಅದರ ನಳಿಗೆ ತಡೆಯುವುದಿಲ್ಲ. ಅವತ್ತು ಅಂಗಡಿಯಲ್ಲಿ ಕಪ್ಪು ಮದ್ದು ಮುಗಿದಿತ್ತು. ಮಾವನಾಗಲಿರುವವರ ಮುಂದೆ ಚುರುಕು ತೋರಿಸುವ ಹುರುಪು ಬೇರೆ. ಯಾವುದಾದರೇನು ಎಂದು ಬೂದುಬಣ್ಣದ ಹೊಸ ಮದ್ದನ್ನೇ ತುಂಬಿ ಕೊಟ್ಟಿದ್ದ. ಮದುವೆಗೆ ಇಪ್ಪತ್ತು ದಿನವಿತ್ತು, ಬಾಯಿ ಬಿಡಲಿಲ್ಲ. "ನಳಿಗೆಯಲ್ಲಿ ಬಟ್ಟೆಚೂರು ಬಿಟ್ಟು ಮರೆತೆ" ಎಂದು ಮಾವನೇ ತನಿಖೆಯವರ ಮುಂದೆ ಒಪ್ಪಿಕೊಂಡಾಗಲೂ ಬಿಡಲಿಲ್ಲ. ಊರಿಗೇ ಹೆಸರಾದ ಕೆಲಸಗಾರರು ಮರೆಗುಳಿ ಮುದುಕ ಅನ್ನಿಸಿಕೊಂಡರು. ಅಂಗಡಿ ಅಳಿಯನ ಕೈಗೆ ಬಂತು. ಮಾವ ಅಂಗಿಯ ಗುಂಡಿ ಹಾಕಲು ತಿಣುಕುವುದನ್ನು ಕಂಡಾಗಲೆಲ್ಲ ಇವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಉಳಿದ ತೋಟಾಗಳು ಲೈಸೆನ್ಸಿನ ಎಣಿಕೆಯಲ್ಲಿದ್ದವು, ಎಸೆಯುವಂತಿರಲಿಲ್ಲ. ಅವುಗಳ ಪೆಟ್ಟಿಗೆಯ ಬೀಗದಕೈಯೂ ಮಾವನ ಬಳಿಯೇ ಇತ್ತು.

"ನೀನೇ ಬಿಚ್ಚಪ್ಪ," ಎಂದರು ಮಾವ.

ಹೆಂಡತಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಬೂದು ಮದ್ದು ಹೊರಬಿದ್ದರೆ ಕೋವಿ ಕೆಲಸದವರ ಮಗಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮತ್ತೆ ಈ ಮನೆಯಲ್ಲಿ ಇವನಿಗೆ ಮುಖವೆಲ್ಲಿ?

ಮೇಣ ಕೆರೆದ. ರಟ್ಟಿನ ಬಿರಡೆ ಎತ್ತಿದ. ಸೀಸದ ಚರೆ ಸುರಿದ. ಕೊನೆಗೆ ಕಾಗದದ ಮೇಲೆ ಮದ್ದು ಬಿತ್ತು.

ಕಪ್ಪು.

ಎರಡನೆಯದೂ ಕಪ್ಪು. ಹನ್ನೊಂದೂ ಕಪ್ಪು. ಮೇಡಂ ಹಾಗೆಯೇ ಬರೆದುಕೊಂಡರು. ಹಾಗಾದರೆ ತಾನು ಅವತ್ತು ಯಾವ ಡಬ್ಬಿ ಎತ್ತಿದ್ದು? ನೆನಪೇ ಕೈಕೊಟ್ಟಿತೇ? ಒಂಬತ್ತು ವರ್ಷ ಸುಮ್ಮನೆ ಬೆಂದದ್ದೇ? ತಪ್ಪು ನಿಜಕ್ಕೂ ಮುದುಕನದೇ ಅನ್ನಿಸಿದ್ದೇ ತಡ, ನಾಚಿಕೆಗೆಟ್ಟ ಮನಸ್ಸು ಹಗುರಾಯಿತು. ನಗುವೂ ಬಂತು.

ಮೇಡಂ ಗಾಡಿಯಿಂದ ಡಬ್ಬ ತರಲು ಹೋದರು, ಹೆಂಡತಿಯೂ ಜೊತೆಗೆ ಹೊರಟಳು.

"ನೋಡಿದ್ರಾ ಮಾವ," ಎಂದ ಇವನು, ದನಿಯೇರಿಸಿ. "ತೋಟಾದಲ್ಲಿ ಏನೂ ದೋಷ ಇಲ್ಲ."

ಮಾವ ಖಾಲಿ ತೋಟಾಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಈಗ ಇಲ್ಲ ಕಣಪ್ಪ. ಗಾಯದ ಕಟ್ಟು ಬಿಚ್ಚದ ಕೈಯಲ್ಲಿ ಹನ್ನೊಂದನ್ನೂ ಖಾಲಿ ಮಾಡಿ ಮತ್ತೆ ತುಂಬೋಕೆ, ನಿಮ್ಮ ಮದುವೆ ಹಿಂದಿನ ದಿನದವರೆಗೂ ಹಿಡೀತು ನನಗೆ."