ನಡುವಿನ ತುಂಡು

ಮೇಸ್ತ್ರಿ ಜೇಬಿನಿಂದ ಟೇಪು ತೆಗೆದು ಕೇಕಿನ ಉದ್ದಕ್ಕೆ ಹಿಡಿದ. ಹದಿನಾರು ಸೆಂಟಿಮೀಟರ್. ನಿನ್ನೆ ಸಂಜೆ ಹೆಂಡತಿಗೆ ಕೊಟ್ಟ ಮೇಲೆ ಹದಿನೆಂಟಿತ್ತು. ನಲವತ್ತು ವರ್ಷ ಮರ ಅಳೆದ ಬಡಗಿಯ ಕೈ ಅದು, ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಒಂದು ತುಂಡು ಮಾಯವಾಗಿತ್ತು. ಹೋದ ವಾರವೂ ಇದೇ ಕಥೆ.

ಕೇಕಿನ ಎರಡು ತುದಿಗಳೂ ಇದ್ದ ಹಾಗೇ ಇದ್ದವು. ಕದ್ದವರು ನಡುವಿನಿಂದ ಕತ್ತರಿಸಿ, ಉಳಿದೆರಡು ಭಾಗಗಳನ್ನು ಒತ್ತಿ ಕೂಡಿಸಿದ್ದರು. ಅದು ಈ ಮನೆಯದೇ ಉಪಾಯ. ಕತ್ತರಿಸಿದ ಮುಖ ಗಾಳಿಗೆ ಬಿದ್ದರೆ ಕೇಕು ಒಣಗುತ್ತದೆ, ಮುಖಕ್ಕೆ ಮುಖ ಕೂಡಿಸಿಟ್ಟರೆ ವಾರವಿಡೀ ಮೆತ್ತಗಿರುತ್ತದೆ. ಹೆಂಡತಿಯ ಬುದ್ಧಿ ನೆಟ್ಟಗಿದ್ದ ಕಾಲದಲ್ಲಿ ಅವಳೇ ಕಂಡುಕೊಂಡದ್ದು. ಅವಳನ್ನು ನೋಡಿಕೊಳ್ಳಲು ಬರುವ ಆಯಾಗೆ ಅದನ್ನು ಮೇಸ್ತ್ರಿ ತಾನೇ ಕಲಿಸಿದ್ದ. ಕಲಿಸಿದ ವಿದ್ಯೆ ಈಗ ಅವನಿಗೇ ತಿರುಗಿತ್ತು.

ಕೇಕೇನು ದೊಡ್ಡ ಕಸುಬಲ್ಲ. ಒಂದೇ ಪಾತ್ರೆ. ಬೆಣ್ಣೆಯ ಬದಲು ಎಣ್ಣೆ, ಒಂದು ಲೋಟ ಮೊಸರು, ಕಿತ್ತಳೆ ಸಿಪ್ಪೆಯ ತುರಿ. ಕಲಸಿ ಓವನ್ನಿಗಿಟ್ಟು, ಆರಿದ ಮೇಲೆ ಬಟ್ಟೆ ಸುತ್ತಿ ಡಬ್ಬಿಗೆ ಹಾಕಿದರೆ ಮುಗಿಯಿತು. ಭಾನುವಾರ ಮಾಡಿದ್ದು ಶನಿವಾರದವರೆಗೆ ಬರಬೇಕು. ಹೆಂಡತಿಯ ಹಳೆಯ ನೋಟುಪುಸ್ತಕ ನೋಡಿಕೊಂಡು, ಎರಡು ಸಲ ಕರಟಿಸಿ, ಮೂರನೆಯ ಸಲಕ್ಕೆ ಕಲಿತಿದ್ದ. ಅವಳು ಬೇರೇನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಹಾಲಿನಲ್ಲಿ ಅದ್ದಿದ ಈ ಕೇಕು ಮಾತ್ರ ಒಳಗೆ ಹೋಗುತ್ತಿತ್ತು. ಅದನ್ನೂ ಕದಿಯುವುದೆಂದರೆ!

ಹೆಂಡತಿ ಕಿಟಕಿಯ ಬಳಿ ಕೂತು, ಹೊದಿಕೆಯ ಅಂಚಿನಿಂದ ನೀಲಿ ನೂಲು ಎಳೆದು ಬೆರಳಿಗೆ ಸುತ್ತುತ್ತಿದ್ದಳು. ದಿನವಿಡೀ ಅದೇ ಕೆಲಸ. ಎರಡು ವರ್ಷದಿಂದ ಅವಳಿಗೆ ಯಾರ ಗುರುತೂ ಇಲ್ಲ. ಗಂಡನನ್ನೂ ನಲ್ಲಿ ರಿಪೇರಿಗೆ ಬಂದವನನ್ನು ನೋಡುವಂತೆ ನೋಡುತ್ತಿದ್ದಳು.

ಅವಳ ಕೈಗೆ ಸಿಗಬಾರದೆಂದು ಚಾಕುಗಳನ್ನೆಲ್ಲ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದರು. ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ, ಮೇಸ್ತ್ರಿ ಮತ್ತು ಆಯಾ. ಸಾಲದ್ದಕ್ಕೆ ಅಡುಗೆಮನೆಯಿಂದ ಹೊರಬಾಗಿಲವರೆಗೂ ಇರುವೆಯ ಸಾಲು. ಕದ್ದೊಯ್ಯುವಾಗ ಆಯಾ ದಾರಿಯುದ್ದಕ್ಕೂ ಚೂರು ಉದುರಿಸಿದ್ದಾಳೆ. ಇನ್ನೆಂಥ ಸಾಕ್ಷಿ ಬೇಕು?

"ಏನಮ್ಮ, ಕೇಕು ದಿನಾ ಕಮ್ಮಿ ಆಗ್ತಿದೆಯಲ್ಲ?"

ಬಟ್ಟೆ ಒಗೆದು ಬಂದ ಆಯಾ ಒದ್ದೆ ಕೈ ಒರೆಸಿಕೊಂಡಳು. "ನಾನು ಮುಟ್ಟಿಲ್ಲ ಮೇಸ್ತ್ರಿ."

"ಮತ್ತೆ ಇರುವೆ ಬಂದು ಬೀಗ ತೆಗೆದು ಚಾಕು ತಗೊಂಡ್ವಾ?"

"ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ. ನೀವು ಕಂಡೂ ಇಲ್ಲ."

ಅವಳು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಚಪ್ಪಲಿ ಮೆಟ್ಟಿದಳು. ಬಾಗಿಲಲ್ಲಿ ನಿಂತು, ಅದರ ಹಿಂದೆ ತೂಗುತ್ತಿದ್ದ ಚೀಲದತ್ತ ಕೈ ತೋರಿಸಿದಳು.

"ನೀವು ಬೆಳಿಗ್ಗೆ ಹಾಲಿಗೆ ಹೋದಾಗ, ನಾನು ಬಟ್ಟೆ ಒಗೆಯೋ ಹೊತ್ತಿಗೆ, ಅಮ್ಮ ದಿನಾ ಇಲ್ಲಿ ಬಂದು ನಿಲ್ತಾರೆ. ನಿಮ್ಮ ಈ ಹಳೇ ಚೀಲ ಹಿಡ್ಕೊಂಡು 'ಹೊತ್ತಾಯ್ತು, ಹೊತ್ತಾಯ್ತು' ಅಂತಿರ್ತಾರೆ. ಒಬ್ರನ್ನೇ ಬಿಡಬೇಡಿ."

ಅವಳ ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಹೋಯಿತು. ಮೇಸ್ತ್ರಿ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. ಸಿಟ್ಟು ಕೇಕಿನದಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮರೆವಿನ ರೋಗಿಗಳನ್ನು ಇಟ್ಟುಕೊಳ್ಳುವ ಆಶ್ರಮದ ಅರ್ಜಿಗೆ ಅವನು ಸಹಿ ಹಾಕಿ ತಿಂಗಳಾಗಿತ್ತು. ಹೆಂಡತಿಯನ್ನು ಅಲ್ಲಿಗೆ ಕಳಿಸಲು ಒಂದು ನೆಪ ಬೇಕಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವನಿಗೆ ಆಯಾ ಡೊಂಕಾದಳು.

ನೆಪ ಈಗ ಒಂದಲ್ಲ, ಎರಡು. ಆಯಾ ಇಲ್ಲದೆ ಒಬ್ಬನ ಕೈಲಾಗುವುದಿಲ್ಲ. ಇವಳೋ ಚೀಲ ಹಿಡಿದು ಮನೆ ಬಿಟ್ಟು ಹೋಗಲು ತುದಿಗಾಲಲ್ಲಿ ನಿಂತಿದ್ದಾಳೆ. ಗುರುತೇ ಇಲ್ಲದವಳಿಗೆ ಈ ಮನೆಯಾದರೇನು, ಆ ಮನೆಯಾದರೇನು? ಹೀಗೆಂದು ತನಗೆ ತಾನೇ ಮೂರು ಸಲ ಹೇಳಿಕೊಂಡು ಆಶ್ರಮಕ್ಕೆ ಫೋನು ಮಾಡಿದ.

"ನಾಳೆ ಹತ್ತಕ್ಕೆ ಗಾಡಿ ಬರತ್ತೆ," ಎಂದಿತು ಆ ಕಡೆಯ ದನಿ. "ಬಟ್ಟೆ ಒಂದು ಪೆಟ್ಟಿಗೆಯಷ್ಟು ಸಾಕು."

ಮರುದಿನ ಹಾಲು ತಂದವನೇ ಪೆಟ್ಟಿಗೆ ತುಂಬಲು ಕೂತ. ಮದುವೆಯಾದ ವರ್ಷ ಅವಳಿಗೆಂದು ತಾನೇ ಮಾಡಿದ ಪೆಟ್ಟಿಗೆ. ಅವಳ ಬಟ್ಟೆಯನ್ನು ಒಂದೊಂದಾಗಿ ಮಡಚಿಟ್ಟ. ಪ್ರತಿ ಮಡಿಕೆಗೂ ತಾನು ಪಾಪಿ ಅನಿಸಿತು. ಅವಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು, ಬೇರೆ ಯಾರದೋ ಪ್ರಯಾಣವೆಂಬಂತೆ. ಮುಚ್ಚಳ ಹಾಕಿದರೆ ಕೂರಲಿಲ್ಲ. ಕೀಲಿನ ತಿರುಪು ಸಡಿಲವಾಗಿತ್ತು.

ಸ್ಕ್ರೂಡ್ರೈವರ್ ಇದ್ದದ್ದು ಬಾಗಿಲ ಹಿಂದೆ, ಮೊಳೆಗೆ ತೂಗುಹಾಕಿದ ಕೆಲಸದ ಚೀಲದಲ್ಲಿ. ಅವಳನ್ನು ನೋಡಿಕೊಳ್ಳಲೆಂದು ಕೆಲಸ ಬಿಟ್ಟ ದಿನ ತೂಗುಹಾಕಿದ್ದು. ಹನ್ನೊಂದು ತಿಂಗಳಿಂದ ಅವನು ಅದನ್ನು ಮುಟ್ಟಿರಲಿಲ್ಲ.

ಕೈ ಚಾಚಿದವನು ತಡೆದು ನಿಂತ. ಇರುವೆಯ ಸಾಲು ಹೊಸ್ತಿಲು ದಾಟಿರಲೇ ಇಲ್ಲ. ಗೋಡೆ ಹತ್ತಿ ಚೀಲದೊಳಗೆ ಹೋಗುತ್ತಿತ್ತು.

ಒಳಗೆ ಉಳಿಗಳ ಪಕ್ಕದಲ್ಲಿ ಅವನ ಹಳೆಯ ಊಟದ ಡಬ್ಬಿ. ಮುಚ್ಚಳ ತೆಗೆದ. ತುಂಬ ಕೇಕಿನ ತುಂಡುಗಳು. ತಳದವು ಹೋದ ವಾರದವು, ಮರದ ಚಕ್ಕೆಯಂತೆ ಗಟ್ಟಿಯಾಗಿದ್ದವು. ಎಲ್ಲಕ್ಕಿಂತ ಮೇಲಿನದು ಇವತ್ತಿನದು, ಇನ್ನೂ ಮೆತ್ತಗಿತ್ತು. ಚಾಕು ಮುಟ್ಟಿದ ಗುರುತೇ ಇಲ್ಲ. ನಯವಾಗಿ ಕೊಯ್ದ ಮುಖಕ್ಕೆ ಹೊದಿಕೆಯ ನೀಲಿ ನೂಲಿನ ಎಳೆಯೊಂದು ಅಂಟಿಕೊಂಡಿತ್ತು.

ಕೆಳಗೆ ಗಾಡಿಯ ಹಾರನ್ ಕೇಳಿಸಿತು.

ಹೆಂಡತಿ ಹತ್ತಿರ ಬಂದಳು. ಅವನ ಕೈಯಿಂದ ಡಬ್ಬಿ ತೆಗೆದುಕೊಂಡು ಮುಚ್ಚಳ ಒತ್ತಿ, ಚೀಲದೊಳಗಿಟ್ಟು, ಚೀಲವನ್ನು ಅವನ ಹೆಗಲಿಗೇರಿಸಿದಳು. ಅವನ ತೋಳಿನ ಮೇಲೆ ಇಲ್ಲದ ಮರದ ಪುಡಿಯನ್ನು ಕೊಡವಿದಳು.

"ಹೊತ್ತಾಯ್ತು, ಹೊರಡಿ," ಎಂದಳು. "ಸಂಜೆ ಬೇಗ ಮನೆಗೆ ಬನ್ನಿ. ನೀವು ಬರೋವರೆಗೂ ನಂಗೆ ಇಲ್ಲಿ ಯಾರೂ ಗೊತ್ತಿಲ್ಲ."